ಶಿವಗಂಗಮ್ಮನ ಜಿಗಣೆ

ಹೇರೋಹಳ್ಳಿಯ ಶಿವಗಂಗಮ್ಮನ ಬಲಗಾಲಿನ ಮೇಲೆ ಅವಳದೇ ಮನೆಯ ಗೇಟು ಬಿದ್ದು ಆರು ವರ್ಷವಾಗಿತ್ತು. ಗೇಟು ಗಂಡ ಹನುಮಂತಯ್ಯ ಆಸೆಪಟ್ಟು ಮಾಡಿಸಿದ್ದು. ರಾಗಿ ಹೊಲ ಸೈಟುಗಳಾಗಿ ಹೋದ ಮೇಲೆ ಮೂರಂತಸ್ತಿನ ಮನೆ ಎದ್ದಿತ್ತು. ಮನೆಗೆ ತಕ್ಕ ಗೇಟು ಬೇಡವೇ ಎಂದು ಎರಡು ಸಿಂಹದ ಮುಖ ಕೂರಿಸಿ, ಆನೆ ಬಂದು ತಿವಿದರೂ ಅಲ್ಲಾಡದ ಹಾಗೆ ಮಾಡಿಸಿದ್ದ. ಆನೆ ಬರಲಿಲ್ಲ. ಒಂದು ಬೆಳಿಗ್ಗೆ ಹಾಲಿನವನಿಗೆಂದು ಶಿವಗಂಗಮ್ಮ ಹೋಗಿ ಸುಮ್ಮನೆ ಒಂದು ತಳ್ಳು ತಳ್ಳಿದಳು. ಗೇಟು ಹಳಿ ಬಿಟ್ಟು, ಸಿಂಹಗಳ ಸಮೇತ ಅವಳ ಪಾದದ ಮೇಲೆ ಮಲಗಿತು.

ಮೂಳೆ ಕೂಡಿಕೊಂಡಿತು. ನರ ಮಾತ್ರ ಕೇಳಲಿಲ್ಲ. ಗೇಟನ್ನು ಎತ್ತಿ ನಿಲ್ಲಿಸಿ, ವೆಲ್ಡಿಂಗ್ ಮಾಡಿಸಿ, ಬಣ್ಣ ಹೊಡೆಸಿದ ಸಮಾಚಾರ ನರಕ್ಕೆ ಮುಟ್ಟಲೇ ಇಲ್ಲವೇನೋ. ಗೇಟು ಇನ್ನೂ ಮೇಲೇ ಇದೆ ಅನ್ನುವ ಹಾಗೆ ಅದು ಕಿರುಚುತ್ತಿತ್ತು. ಕೆಲವು ದಿನ ಕೆಂಪಿರುವೆ ಹರಿದ ಹಾಗೆ, ಕೆಲವು ದಿನ ಕೆಂಡದ ಮೇಲಿಟ್ಟ ಹಾಗೆ. ಹೊದಿಕೆಯ ಅಂಚು ತಾಗಿದರೂ ಜೀವ ಹೋಗುತ್ತಿತ್ತು. ಹಾಗಾಗಿ ಮಲಗುವಾಗ ಆ ಕಾಲನ್ನು ಹೊದಿಕೆಯ ಆಚೆ, ಒಂದು ಸ್ಟೂಲಿನ ಮೇಲೆ, ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ ಇಡುತ್ತಿದ್ದಳು. ನರದ ಡಾಕ್ಟರು ಕೊಟ್ಟ ಮಾತ್ರೆಗೆ ನೋವು ನಿದ್ದೆ ಹೋಗುತ್ತಿರಲಿಲ್ಲ, ಅವಳು ಹೋಗುತ್ತಿದ್ದಳು. ಸೊಪ್ಪು ಬಿಡಿಸುತ್ತಾ, ಬಾಡಿಗೆಯವರ ಹತ್ತಿರ ಮಾತಾಡುತ್ತಾ, ಒಮ್ಮೆ ನೆಂಟರ ಗೃಹಪ್ರವೇಶದಲ್ಲಿ ಎಲೆಯ ಮುಂದೆ ಕೂತು, ಕೈಯಲ್ಲಿ ಒಬ್ಬಟ್ಟು ಹಿಡಿದೇ ಗೊರಕೆ ಹೊಡೆದಿದ್ದಳು.

ಸೊಸೆ ರಮ್ಯಶ್ರೀ ಯಾರಿಂದಲೋ ವಿಚಾರಿಸಿ, ಕೆಂಗೇರಿ ಉಪನಗರದಲ್ಲಿ ಆಯುರ್ವೇದದ ಡಾಕ್ಟರೊಬ್ಬರಿದ್ದಾರೆ, ಗದಗಿನ ಕಡೆಯವರು, ಹೆಸರು ಗುರುದೇವಿ ಎಂದು ಹೇಳಿದಳು. ಹನುಮಂತಯ್ಯ ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಉಲ್ಲಾಳ ಹಾದು ಕೆಂಗೇರಿಗೆ ಹೋದ. ಡಾಕ್ಟರು ಹಳೆಯ ರಿಪೋರ್ಟುಗಳನ್ನೆಲ್ಲ ಓದಿದರು, ಶುಗರ್ ಇಲ್ಲವೆಂದು ಖಾತ್ರಿ ಮಾಡಿಕೊಂಡರು, ಹತ್ತಿಯಿಂದ ಪಾದ ಸವರಿ ನೋಡಿದರು. ಶಿವಗಂಗಮ್ಮ ಕುರ್ಚಿಯಿಂದ ಹಾರಿದಳು.

"ನೋಡ್ರಿ ಅಮ್ಮಾರ, ಪೂರಾ ಹೋಗಸ್ತೀನಿ ಅಂತ ಸುಳ್ಳ ಹೇಳಂಗಿಲ್ರಿ ನಾ," ಅಂದರು ಗುರುದೇವಿ. "ನರಕ್ಕ ಪೆಟ್ಟ ಬಿದ್ದು ವಾತ ಕೆಟ್ಟೈತಿ. ಕಡಿಮಿ ಮಾಡೂಣು. ನಿಮ್ಮ ನರದ ಡಾಕ್ಟರಿಗೂ ತೋರಸ್ಕೋತ ಇರ್ರಿ."

ಆರು ವರ್ಷದಲ್ಲಿ ಸುಳ್ಳು ಹೇಳದ ಮೊದಲ ಮನುಷ್ಯರು ಇವರೇ ಅನ್ನಿಸಿ ಶಿವಗಂಗಮ್ಮನಿಗೆ ಅಳು ಬಂತು.

ಮೊದಲು ಎಣ್ಣೆ, ಕಷಾಯ, ಪಥ್ಯ ನಡೆಯಿತು. ದಿನಾ ಸಂಜೆ ಪಾದಕ್ಕೆ ತುಪ್ಪ ಹಚ್ಚಿ ಕಂಚಿನ ಬಟ್ಟಲಿನಿಂದ ಮೆತ್ತಗೆ ಉಜ್ಜಬೇಕಿತ್ತು. ಆ ಕೆಲಸ ಹನುಮಂತಯ್ಯನ ಪಾಲಿಗೆ ಬಂತು. ಉಜ್ಜಿದ ಹಾಗೆ ತುಪ್ಪ ಬೂದು ಬಣ್ಣಕ್ಕೆ ತಿರುಗುತ್ತಿತ್ತು. "ನೋಡ್ದಾ, ಗೇಟಿನ ತುಕ್ಕು ಆಚೆ ಬರ್ತಾ ಐತೆ," ಎಂದು ಅವನು ಬಂದವರಿಗೆಲ್ಲ ಬಟ್ಟಲು ತೋರಿಸುತ್ತಿದ್ದ. ಇರುವೆಗಳು ಕಡಿಮೆಯಾದವು. ಕೆಂಡ ಹಾಗೇ ಉಳಿಯಿತು. ಆಗ ಡಾಕ್ಟರು ಜಿಗಣೆ ಬಿಡೋಣವೇ ಎಂದು ಕೇಳಿದರು.

"ಜಿಗಣೇನಾ?" ಹನುಮಂತಯ್ಯನಿಗೆ ಅವಮಾನವಾಯಿತು. "ಎಮ್ಮೆ ಮೈ ತೊಳಿಯಕ್ಕೆ ನಮ್ಮೂರ ಕೆರೆಗೆ ಇಳಿದ್ರೆ ತೊಡೆ ತುಂಬಾ ಕಚ್ಕೊತಿದ್ವು ಕಣಮ್ಮಾ. ಪುಕ್ಕಟೆ! ಅದಕ್ಕೆ ಇಲ್ಲಿಗಂಟ ಬರಬೇಕಾಗಿತ್ತಾ?"

"ನಿಮ್ಮೂರ ಕೆರಿಯಾಗ ಈಗ ಜಿಗಣಿ ಅದಾವೇನ್ರಿ?"

ಹನುಮಂತಯ್ಯ ಯೋಚಿಸಿದ. ಆ ನೀರಿನಲ್ಲಿ ಈಗ ಜಿಗಣೆ ಬದುಕುವುದಿರಲಿ, ಹತ್ತಿರ ಹೋದ ಮನುಷ್ಯ ಮೂಗು ಬಿಟ್ಟು ಉಸಿರಾಡುವುದೇ ಕಷ್ಟವಿತ್ತು.

ಡಾಕ್ಟರು ಗಾಜಿನ ಭರಣಿಯಿಂದ ಒಂದನ್ನು ತೆಗೆದರು. ಎಣ್ಣೆಗಪ್ಪಿನ ಮೈ, ಬೆನ್ನ ಮೇಲೆ ಹಸಿರು ಗೆರೆ. ಅದು ಶಿವಗಂಗಮ್ಮನ ಪಾದದ ಮೇಲೆ ಆಚೀಚೆ ತಲೆಯಾಡಿಸಿ, ಸೈಟು ನೋಡಲು ಬಂದವರ ಹಾಗೆ ಅಲ್ಲೊಮ್ಮೆ ಇಲ್ಲೊಮ್ಮೆ ಮೂಸಿ, ಕೊನೆಗೆ ಗೇಟಿನ ಸಿಂಹದ ಮೂಗು ತಾಗಿದ್ದ ಜಾಗದಲ್ಲೇ ಕಚ್ಚಿಕೊಂಡಿತು. ಸಣ್ಣಗೆ ಚುರ್ ಅಂತು, ಅಷ್ಟೇ. ಆಮೇಲೆ ಅದು ಕುಡಿಯುತ್ತಾ ಕುಡಿಯುತ್ತಾ ಉಬ್ಬಿದ ಹಾಗೆ ಶಿವಗಂಗಮ್ಮನ ಪಾದ ತಣ್ಣಗಾಗುತ್ತಾ ಬಂತು. ಹೊಟ್ಟೆ ತುಂಬಿದ ಮೇಲೆ ಅದು ತಾನಾಗಿಯೇ ಕಳಚಿಕೊಂಡು ಬಟ್ಟೆಯ ಮೇಲೆ ಉರುಳಿತು. ಯಾರೂ ಎಳೆಯಲಿಲ್ಲ, ಬಿಡಿಸಲಿಲ್ಲ. ಸಾಕು ಅನ್ನಿಸಿದಾಗ ಸಾಕು ಅನ್ನುವ ಇಂಥ ಗುಣವನ್ನು ಶಿವಗಂಗಮ್ಮ ತನ್ನ ಬಳಗದಲ್ಲಿ ಯಾರಲ್ಲೂ ಕಂಡಿರಲಿಲ್ಲ.

ಡಾಕ್ಟರು ಅದಕ್ಕೆ ಅರಿಶಿನ ಹಚ್ಚಿ ಕುಡಿದದ್ದನ್ನು ಕಕ್ಕಿಸಿ, ಬೇರೆ ಭರಣಿಗೆ ಹಾಕಿ, ಮೇಲೆ ಶಿವಗಂಗಮ್ಮನ ಹೆಸರು ಬರೆದರು. "ಒಬ್ಬರಿಗೆ ಕಚ್ಚಿದ್ದು ಇನ್ನೊಬ್ಬರಿಗೆ ಬಿಡಂಗಿಲ್ರಿ. ಇನ್ನ ಇದು ನಿಮ್ಮದಽ."

ಅವತ್ತು ಅವಳು ಪಾದವನ್ನು ಹೊದಿಕೆಯ ಒಳಗಿಟ್ಟುಕೊಂಡು ಮಲಗಿದಳು.

ಅಲ್ಲಿಂದ ಶುರುವಾಯಿತು. ಎರಡು ದಿನಕ್ಕೊಮ್ಮೆ ಕ್ಲಿನಿಕ್ಕಿಗೆ ಫೋನು: "ಡಾಕ್ಟ್ರೇ, ನಮ್ದು ಹೆಂಗಿದೆ?" ಕ್ಲಿನಿಕ್ಕಿನ ನಲ್ಲಿ ನೀರಿಗೆ ಔಷಧಿ ಬೆರೆಸಿರುತ್ತಾರೆ, ಜಿಗಣೆಗೆ ಆಗದು ಎಂದು ತಿಳಿದ ಮೇಲೆ ಮನೆಯ ಬೋರ್‌ವೆಲ್ ನೀರಿನ ಕ್ಯಾನು ಸ್ಕೂಟರಿನಲ್ಲಿ ಕೆಂಗೇರಿಗೆ ಹೋಗತೊಡಗಿತು. "ಮದುವೆಯಾಗಿ ಇಷ್ಟು ವರ್ಷ ಆಯ್ತು, ನಾನು ಉಂಡ್ನಾ ಅಂತ ಒಂದಿನ ಫೋನ್ ಮಾಡಿ ಕೇಳಿದವಳಲ್ಲ," ಎಂದು ಹನುಮಂತಯ್ಯ ಗೊಣಗಿದ. "ನೀವು ಉಣ್ಣದೆ ಯಾವತ್ತು ಇದ್ರಿ?" ಅಂದಳು ಶಿವಗಂಗಮ್ಮ. ಎರಡನೆಯ ಸಲದ ಚಿಕಿತ್ಸೆಯಾದ ಮೇಲೆ ಅವಳು ಚಪ್ಪಲಿ ಹಾಕಿಕೊಂಡು ಬೀದಿಯ ತುದಿಯ ಅಂಗಡಿಗೆ ಹೋಗಿ ಬಂದಳು. ಅಂಗಡಿಯಲ್ಲಿ ಬೇಕಾದ್ದೇನೂ ಇರಲಿಲ್ಲ. ಆದರೂ ಒಂದು ಬೆಂಕಿಪೊಟ್ಟಣ ತಂದಳು.

ಮೂರನೆಯ ಸಲಕ್ಕೆ ಹೋದಾಗ ಕ್ಲಿನಿಕ್ಕಿನಲ್ಲಿ ಡಾಕ್ಟರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಮೇಜಿನ ಮೇಲೆ ಎರಡು ಭರಣಿ. ಎರಡರ ಮೇಲೂ ಹೆಸರಿಲ್ಲ.

"ನಂದಽ ತಪ್ಪ್ರಿ ಅಮ್ಮಾರ. ಭರಣಿ ತೊಳಿಯೂ ಮುಂದ ಬರದಿದ್ದ ಶಾಯಿ ಅಳಸಿ ಹೋತ್ರಿ. ಯಾವುದು ನಿಮ್ಮದು, ಯಾವುದು ಇವರದು, ತಿಳೀವಲ್ದು."

'ಇವರು' ಎಂದರೆ ಮೂಲೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ ಒಬ್ಬ ಹಿರಿಯರು. ಹೆಸರು ನಾಗಭೂಷಣ್, ರಾಜಾಜಿನಗರದವರು. ಅಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಕಂಟ್ರೋಲ್ ವಿಭಾಗದಲ್ಲಿದ್ದು ನಿವೃತ್ತರಾದವರು. ಜೀವಮಾನವೆಲ್ಲ ಸಿಮೆಂಟು ನೆಲದ ಮೇಲೆ ನಿಂತು ಬೋಲ್ಟು ಅಳೆದೂ ಅಳೆದೂ ಎಡಗಾಲಿನ ನರ ಜಜ್ಜಿ ಹೋಗಿತ್ತು. ಅವರಿಗೂ ಜಿಗಣೆಯಿಂದಲೇ ಉಪಶಮನವಾಗಿತ್ತು.

ಒಂದು ಭರಣಿಯ ಜಿಗಣೆ ದಪ್ಪಗೆ, ಚುರುಕಾಗಿ, ಗಾಜಿನ ಗೋಡೆ ಹತ್ತಿ ಇಳಿಯುತ್ತಿತ್ತು. ಇನ್ನೊಂದು ತಳದಲ್ಲಿ ಬಿದ್ದುಕೊಂಡಿತ್ತು.

"ಇದೇ ನಮ್ದು," ಎಂದು ಶಿವಗಂಗಮ್ಮ ಚುರುಕಾದದ್ದನ್ನು ತೋರಿಸಿದಳು.

"ಕ್ಷಮಿಸಿ ಅಮ್ಮ, ಅದು ನನ್ನದು," ಅಂದರು ನಾಗಭೂಷಣ್.

ಎರಡನ್ನೂ ಬಿಟ್ಟು ಹೊಸದು ಹಚ್ಚುತ್ತೇನೆ, ಗುಣ ಒಂದೇ, ಎಂದರು ಡಾಕ್ಟರು. ಇಬ್ಬರೂ ಒಟ್ಟಿಗೇ ಬೇಡವೆಂದರು. ಗುಣ ಒಂದೇ ಅನ್ನುವುದಾದರೆ ಗಂಡನ ಬದಲು ಪಕ್ಕದ ಮನೆಯ ಗಂಡಸನ್ನು ಕರೆದುಕೊಂಡು ಹೋಗು ಅಂದರೆ ಹೋಗುತ್ತೀಯಾ ಎಂದು ಕೇಳಬೇಕೆನ್ನಿಸಿತು ಶಿವಗಂಗಮ್ಮನಿಗೆ. ಡಾಕ್ಟರ ಮರ್ಯಾದೆಗೆ ಬಾಯಿ ಬಿಗಿ ಹಿಡಿದಳು.

ನಾಗಭೂಷಣ್ ಜೇಬಿನಿಂದ ಉದ್ದ ಅಳೆಯುವ ವರ್ನಿಯರ್ ತೆಗೆದರು. ನಿವೃತ್ತರಾಗಿ ಏಳು ವರ್ಷವಾದರೂ ಅದು ಅವರ ಜೇಬು ಬಿಟ್ಟಿರಲಿಲ್ಲ. "ಹೋದ ಸಲ ನನ್ನದನ್ನ ಅಳೆದಿಟ್ಟಿದ್ದೆ. ಅರವತ್ತೆರಡು ಮಿಲಿಮೀಟರ್." ಚುರುಕಾದ ಜಿಗಣೆಯನ್ನು ತಟ್ಟೆಗೆ ಬಿಟ್ಟು ಹಿಡಿದರು. ನಲವತ್ತೊಂದು ಬಂತು. ಮತ್ತೆ ಹಿಡಿದರು, ಎಂಬತ್ತು. ಮೂರನೆಯ ಸಲ ಅದು ವರ್ನಿಯರನ್ನೇ ತಬ್ಬಿಕೊಂಡಿತು. ನಾಗಭೂಷಣರ ಮುಖ ಬಾಡಿತು. "ನನ್ನ ಸರ್ವಿಸಲ್ಲಿ ಇಂಥ ಪೀಸು ನೋಡಿಲ್ಲ," ಎಂದು ತಗ್ಗಿದ ದನಿಯಲ್ಲಿ ಹೇಳಿದರು.

"ಅಳತೆ ಗಿಳತೆ ಬೇಡ. ನಾನು ಕರೆದ್ರೆ ಬರುತ್ತೆ," ಎಂದು ಶಿವಗಂಗಮ್ಮ ಬಗ್ಗಿ, "ಬಾರವ್ವಾ, ಬಾ," ಅಂದಳು. ಜಿಗಣೆ ತಲೆಯೆತ್ತಿ ಅವಳ ಕಡೆ ತಿರುಗಿತು. ಅವಳ ಕಣ್ಣಲ್ಲಿ ನೀರಾಡಿತು. ಅಷ್ಟರಲ್ಲಿ ನಾಗಭೂಷಣ್ ಕೆಮ್ಮಿದರು. ಜಿಗಣೆ ಅವರ ಕಡೆಗೂ ತಿರುಗಿತು. ಹೊರಗೆ ಬಸ್ಸೊಂದು ಹಾರನ್ ಹೊಡೆಯಿತು. ಅದು ಬಾಗಿಲ ಕಡೆಗೂ ತಿರುಗಿತು.

"ರಕ್ತದ ಗುಂಪು ನೋಡಿಸೋಣ," ಅಂದರು ನಾಗಭೂಷಣ್. ಕಕ್ಕಿಸಿದ ಮೇಲೆ ಒಳಗೆ ರಕ್ತವೆಲ್ಲಿ ಎಂದು ಡಾಕ್ಟರು ಹೇಳಿದರೆ, ಯಾವ ಟ್ಯಾಂಕೂ ಪೂರ್ತಿ ಖಾಲಿಯಾಗುವುದಿಲ್ಲ ಎಂದು ವಾದಿಸಿದರು. ಎಲ್ಲರೂ ಭರಣಿ ಹಿಡಿದು ಕೆಳಗಿನ ಮಹಡಿಯ ಲ್ಯಾಬಿಗೆ ಇಳಿದರು. ಕೌಂಟರಿನಲ್ಲಿದ್ದ ಹುಡುಗಿ ಶಿಲ್ಪಾ, ಕಂಪ್ಯೂಟರಿನಿಂದ ತಲೆಯೆತ್ತದೆ ಕೇಳಿದಳು.

"ಪೇಷಂಟ್ ಹೆಸರು?"

"ಶಿವಗಂಗಮ್ಮ, ಇಲ್ಲಾಂದ್ರೆ ನಾಗಭೂಷಣ್," ಅಂದರು ನಾಗಭೂಷಣ್.

"ಇಲ್ಲಾಂದ್ರೆ ಅಂತೆಲ್ಲ ಕಂಪ್ಯೂಟರ್ ತಗೊಳಲ್ಲ ಸಾರ್. ಗಂಡಾ ಹೆಣ್ಣಾ?"

"ಎರಡೂ ಹೌದ್ರಿ," ಅಂದರು ಡಾಕ್ಟರು. "ಜಿಗಣಿಯೊಳಗ ಹಂಗಽ ಇರತೈತಿ."

ಶಿಲ್ಪಾ ಈಗ ತಲೆಯೆತ್ತಿ ಭರಣಿ ನೋಡಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. "ಖಾಲಿ ಹೊಟ್ಟೇನಾ, ತಿಂಡಿ ಆದ್ಮೇಲಾ?"

"ಅದೇ ಅಲ್ವೇನಮ್ಮಾ ಕೇಸು!" ಅಂದ ಹನುಮಂತಯ್ಯ. "ತಿಂಡಿ ಯಾರ ಮನೇಲಿ ಆಯ್ತು ಅಂತಾನೇ ನಾವು ಕೇಳ್ತಾ ಇರೋದು."

ಆಮೇಲೆ ಡಾಕ್ಟರಿಗೆ ಹೊಳೆದು ಇಬ್ಬರದೂ ಗುಂಪು ಯಾವುದೆಂದು ಕೇಳಿದರು. ಇಬ್ಬರದೂ ಓ ಪಾಸಿಟಿವ್. ಎಲ್ಲರೂ ಮತ್ತೆ ಮೆಟ್ಟಿಲು ಹತ್ತಿದರು.

ಈಗ ಹನುಮಂತಯ್ಯ ಶರ್ಟಿನ ಕಾಲರು ಸರಿಮಾಡಿಕೊಂಡ. ಹೇರೋಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲಕ್ಕೆ ಅವನು ಪಂಚಾಯ್ತಿ ಮೆಂಬರಾಗಿದ್ದವನು. ನಗರ ಬಂದು ಊರನ್ನು ನುಂಗಿದ ಮೇಲೆ ನ್ಯಾಯ ಹೇಳುವ ಅವಕಾಶವೇ ಸಿಕ್ಕಿರಲಿಲ್ಲ. "ಒಂದು ಬೇಸಿನ್ ತನ್ನಿ. ಇವಳು ಆ ಕಡೆ ಕಾಲಿಡ್ಲಿ, ಸಾಹೇಬ್ರು ಈ ಕಡೆ ಕಾಲಿಡ್ಲಿ. ಎರಡನ್ನೂ ಮಧ್ಯಕ್ಕೆ ಬಿಡಣ. ಯಾವುದು ಯಾರ ತಾವ ಹೋಗುತ್ತೋ ಅದು ಅವರದ್ದು."

ಡಾಕ್ಟರು ಬೇಡ ಬೇಡವೆನ್ನುತ್ತಿದ್ದ ಹಾಗೇ ಬೇಸಿನ್ನು ಬಂತು. ಶಿವಗಂಗಮ್ಮನ ಬಲಗಾಲು ಒಂದು ಅಂಚಿಗೆ, ನಾಗಭೂಷಣರ ಎಡಗಾಲು ಇನ್ನೊಂದು ಅಂಚಿಗೆ. ಕಾಯುತ್ತಿದ್ದ ರೋಗಿಗಳೆಲ್ಲ ಎದ್ದು ಬಂದು ಸುತ್ತ ನಿಂತರು. ಹನುಮಂತಯ್ಯ ಎರಡು ಕೈಯಿಂದಲೂ ಬೇಸಿನ್ನು ಹಿಡಿದು, "ಬಿಡಿ," ಅಂದ. ಚುರುಕಾದದ್ದು ನೀರಿಗೆ ಬಿದ್ದ ತಕ್ಷಣ ಮೈ ಬಳುಕಿಸಿ ಹೊರಟಿತು. ತಳ ಹಿಡಿದಿದ್ದ ಸೋಮಾರಿಯೂ ಎದ್ದಿತು. ಎರಡೂ ಒಂದು ಕ್ಷಣ ನಡುವೆ ನಿಂತವು. ಆಮೇಲೆ ಎರಡೂ ನೇರವಾಗಿ ಹೋಗಿ ಹನುಮಂತಯ್ಯನ ಹೆಬ್ಬೆರಳನ್ನು ಕಚ್ಚಿಕೊಂಡವು. ಒಂದು ಬಲಗೈಯದನ್ನು, ಒಂದು ಎಡಗೈಯದನ್ನು.

"ಅಯ್ಯಯ್ಯೋ, ಬಿಡ್ಸೇ!" ಎಂದು ಹನುಮಂತಯ್ಯ ಕೂಗಿದ. ಶಿವಗಂಗಮ್ಮ ಕದಲಲಿಲ್ಲ. ಆರು ವರ್ಷದಲ್ಲಿ ಮೊದಲ ಬಾರಿಗೆ ಅವಳಿಗೆ ಕಾಲು ನೋವಿಗಿಂತ ದೊಡ್ಡ ನೋವೊಂದು ಆಗಿತ್ತು. "ನಾನು ನೀರು ಹೊತ್ತು ಸಾಕಿದ್ದು, ಇವರ ಕೈಗೆ ಹೋಯ್ತಲ್ಲಾ," ಅಂದಳು. "ನೀರು ಹೊತ್ತಿದ್ದು ನಾನು ಕಣೇ!" ಎಂದು ಹನುಮಂತಯ್ಯ ಅಲ್ಲಿಂದಲೇ ಅರಚಿದ.

ಡಾಕ್ಟರು ಅರಿಶಿನ ಉದುರಿಸಿ ಎರಡನ್ನೂ ಬಿಡಿಸಿ, ಅವನ ಎರಡೂ ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಲು ಬರೆದುಕೊಟ್ಟರು. ಆಮೇಲೆ ಗಟ್ಟಿ ದನಿಯಲ್ಲಿ ಹೇಳಿದರು. "ಮುಗೀತ್ರಿ. ಈಗ ಮೂರ್ ಮಂದಿ ರಕ್ತ ಕುಡದಾವ. ಇನ್ನ ಇವನ್ನ ಯಾರಿಗೂ ಹಚ್ಚಂಗಿಲ್ಲ."

"ಹಂಗಾದ್ರೆ ಅವು ಎಲ್ಲಿರ್ತವೆ?" ಎಂದಳು ಶಿವಗಂಗಮ್ಮ.

"ಹಿಂದ ಒಂದ್ ಬಕೆಟ್ ಐತ್ರಿ. ಸಾಯೂ ಮಟ ಅದರಾಗ."

ಬಕೆಟ್ ಅನ್ನುವ ಮಾತು ಶಿವಗಂಗಮ್ಮನಿಗೂ ನಾಗಭೂಷಣರಿಗೂ ಒಂದೇ ಸಲ ಚುಚ್ಚಿತು. ಇಬ್ಬರೂ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾಜಾಜಿನಗರದ ಮನೆಯಲ್ಲಿ ಕುಂಡ ಇಡಲೂ ಜಾಗವಿಲ್ಲ ಎಂದರು ಅವರು. ಹೇರೋಹಳ್ಳಿಯ ಮನೆ ಹಿಂದೆ ಎಮ್ಮೆಗಳು ನೀರು ಕುಡಿಯುತ್ತಿದ್ದ ಕಲ್ಲು ಬಾನಿ ಖಾಲಿ ಬಿದ್ದಿದೆ ಎಂದಳು ಅವಳು. ಎರಡೂ ಶಿವಗಂಗಮ್ಮನ ಮನೆಯಲ್ಲಿರುವುದು, ಪ್ರತಿ ಭಾನುವಾರ ನಾಗಭೂಷಣ್ ಬಂದು ನೋಡುವುದು ಎಂದು ಒಪ್ಪಂದವಾಯಿತು. ಡಾಕ್ಟರು ಬಾನಿಯೊಳಗೆ ಒಂದು ಕಡೆ ಕೆಸರು ದಿಬ್ಬ ಮಾಡಬೇಕೆಂದೂ ಮೇಲೆ ಬಲೆ ಕಟ್ಟಬೇಕೆಂದೂ ಹೇಳಿಕೊಟ್ಟರು. ರಮ್ಯಶ್ರೀ ಒಂದು ವಾರ ಹಿತ್ತಿಲಿಗೆ ಕಾಲಿಡಲಿಲ್ಲ. ಬಾಡಿಗೆಯವರು ಕೇಳಿದರೆ ತಾವರೆ ಬೆಳೆಸುತ್ತಿದ್ದೇವೆ ಎಂದು ಹೇಳುವುದಾಯಿತು.

ಹೊಸ ಜಿಗಣೆಯಿಂದ ಚಿಕಿತ್ಸೆ ಮುಂದುವರಿಯಿತು. ಅದೂ ಒಳ್ಳೆಯದೇ, ಕಚ್ಚಿತು, ಕುಡಿಯಿತು, ಕೆಂಡವನ್ನು ಇನ್ನಷ್ಟು ಆರಿಸಿತು. ಅದು ಕುಡಿಯುವಾಗ ಶಿವಗಂಗಮ್ಮ ಮಾತ್ರ ಗೋಡೆಯ ಕಡೆ ಮುಖ ಮಾಡಿರುತ್ತಿದ್ದಳು. ಮನೆಗೆ ಬಂದ ಮೇಲೆ ಬಾನಿಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಪಾದದ ಮುಕ್ಕಾಲು ನೋವು ಹೋಗಿತ್ತು. ಕಿರುಬೆರಳಿನಲ್ಲಿ ಮಾತ್ರ ಉಳಿಯಿತು. ಅದು ಉಳಿಯುತ್ತೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವಳು ತಕರಾರು ಮಾಡಲಿಲ್ಲ.

ನಾಗಭೂಷಣ್ ಒಂದು ಭಾನುವಾರವೂ ತಪ್ಪಿಸಲಿಲ್ಲ. ಬಾನಿಗೆ ಥರ್ಮಾಮೀಟರು ಕಟ್ಟಿದರು. ನೀರು ಎಷ್ಟಿರಬೇಕೆಂದು ಕಲ್ಲಿನ ಮೇಲೆ ಗೆರೆ ಎಳೆದರು. ಆ ಗೆರೆಯ ವಿಚಾರಕ್ಕೆ ಹನುಮಂತಯ್ಯನೊಡನೆ ಜಗಳವಾಡಿದರು, ಮುದ್ದೆ ಬಸ್ಸಾರು ಉಂಡರು, ಹೋದರು. ಹೀಗೇ ಒಂದು ಭಾನುವಾರ ಬಲೆ ಸರಿಸಿ ಬಗ್ಗಿದವರು, "ಇದೇನಿದು, ನೀರಲ್ಲಿ ದಾರ ಬಿದ್ದಿದೆ?" ಅಂದರು. ಭೂತಗನ್ನಡಿ ಹಿಡಿದು ನೋಡಿದರು. ದಾರಗಳು ಈಜುತ್ತಿದ್ದವು.

ಡಾಕ್ಟರಿಗೆ ವೀಡಿಯೋ ಕರೆ ಹೋಯಿತು. ಅವರು ನೋಡಿ ಹಿಗ್ಗಿದರು. "ಮರಿ ರೀ ಅವು! ಕೆಸರಾಗ ಗೂಡ ಕಟ್ಟಿದ್ವು ಕಾಣಸ್ತೈತಿ!"

"ತಾಯಿ ಯಾವುದು?" ಎಂದು ಶಿವಗಂಗಮ್ಮ ಗಾಬರಿಯಿಂದ ಕೇಳಿದಳು.

"ಎರಡೂ ತಾಯಿ, ಎರಡೂ ತಂದಿ ರೀ."

ಹನುಮಂತಯ್ಯ ಬೆರಳು ಮಡಿಸುತ್ತಾ ಸಂಬಂಧ ಹೊಂದಿಸಿದ. ಒಂದು ನಮ್ಮದು, ಒಂದು ನಿಮ್ಮದು, ಎರಡಕ್ಕೂ ಮಕ್ಕಳಾಗಿವೆ. "ಹಂಗಾದ್ರೆ ಸಾಹೇಬ್ರೇ," ಅಂದ, "ನಾವು ನೀವು ಬೀಗರಾದ್ವಿ."

ತಮಾಷೆಗೆ ಹೇಳಿದ್ದನೋ ಏನೋ. ನಾಗಭೂಷಣ್ ನಗಲಿಲ್ಲ. ಒಂದು ಸಲ ತಲೆಯಾಡಿಸಿ, ಅಂಗಿಯ ಗುಂಡಿ ಹಾಕಿಕೊಂಡು, ಹೇಳಬೇಕಾದ್ದನ್ನೇ ಹೇಳಿದಿರಿ ಅನ್ನುವ ಹಾಗೆ ಹನುಮಂತಯ್ಯನ ಕೈ ಕುಲುಕಿದರು.

ಮುಂದಿನ ಭಾನುವಾರ ಆಟೋದಿಂದ ಅವರ ಜೊತೆ ಅವರ ಹೆಂಡತಿ ಕುಸುಮಾ ಇಳಿದರು. ರೇಷ್ಮೆ ಸೀರೆ, ಬಿಗಿದ ಮುಖ. ಕೈಯಲ್ಲಿ ಹಣ್ಣು, ಹೂವು, ಕುಬುಸದ ಕಣದ ತಟ್ಟೆ ಏನೋ ಇತ್ತು, ಆದರೆ ಅದನ್ನು ಕೊಡಲು ಬಂದ ಹಾಗಿರಲಿಲ್ಲ.

"ತಪ್ಪು ತಿಳ್ಕೋಬೇಡಿ," ಅಂದರು ಕುಸುಮಾ. "ಪ್ರತಿ ಭಾನುವಾರ ಸೆಂಟು ಹಾಕ್ಕೊಂಡು ಎಲ್ಲಿಗೆ ಹೋಗ್ತಾರೆ ಅಂತ ನೋಡಕ್ಕೆ ಬಂದೆ. ಕೇಳಿದ್ರೆ ಜಿಗಣೆ ನೋಡಕ್ಕೆ ಅಂದ್ರು. ಸುಳ್ಳು ಹೇಳೋದಾದ್ರೂ ನಂಬೋ ಹಾಗೆ ಹೇಳಬಾರ್ದಾ ಅನ್ಕೊಂಡೆ."

ಶಿವಗಂಗಮ್ಮ ಅವರ ಕೈ ಹಿಡಿದು ಹಿತ್ತಿಲಿಗೆ ಕರೆದೊಯ್ದು ಬಲೆ ಸರಿಸಿದಳು. ಕುಸುಮಾ ಬಹಳ ಹೊತ್ತು ನೀರು ನೋಡಿದರು. ಗಂಡನ ಕಡೆ ತಿರುಗಿದರು. ಮತ್ತೆ ನೀರು ನೋಡಿದರು. "ನಿಜವಾಗ್ಲೂ ಜಿಗಣೇನೇ," ಅಂದರು, ಅರ್ಧ ನೆಮ್ಮದಿ, ಅರ್ಧ ನಿರಾಸೆ. ಆಮೇಲೆ ತಟ್ಟೆಯನ್ನು ಬಾನಿಯ ಅಂಚಿಗಿಟ್ಟು ಅರಿಶಿನ ಕುಂಕುಮ ಕೊಟ್ಟರು. ಅರಿಶಿನದ ಪುಡಿ ನೀರಿಗೆ ಬೀಳದ ಹಾಗೆ ಶಿವಗಂಗಮ್ಮ ಎರಡು ಕೈ ಅಡ್ಡ ಹಿಡಿದಿದ್ದಳು.

ಮರಿಗಳು ಬೆಳೆದವು. ಯಾರನ್ನೂ ಕಚ್ಚದ ಜಿಗಣೆಗಳು, ಕ್ಲಿನಿಕ್ಕಿಗೆ ಕೊಡಿ ಎಂದು ಡಾಕ್ಟರು ಕೇಳಿದರು. ಶಿವಗಂಗಮ್ಮ ಕೊಡುವುದಕ್ಕೆ ಒಪ್ಪಿದಳು, ಆದರೆ ಯಾರ ಮೈಗೆ ಹೋಗುತ್ತವೆಂದು ನೋಡದೆ ಕೊಡುವುದಿಲ್ಲ ಎಂದಳು. ಡಾಕ್ಟರು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಅವರೇ ಸೋತು, ಮೊದಲ ರೋಗಿಯನ್ನು ಹೇರೋಹಳ್ಳಿಗೆ ಕಳಿಸಿದರು.

ಬಂದವನು ಫಕೀರೇಶ. ಕೊಪ್ಪಳದ ಕಡೆಯವನು, ಬೈಕಿನಲ್ಲಿ ಊಟ ತಲುಪಿಸುವ ಕೆಲಸ. ಮಾಗಡಿ ರಸ್ತೆಯ ಗುಂಡಿಯಲ್ಲಿ ಬಿದ್ದು ಕಾಲಿನ ನರಕ್ಕೆ ಪೆಟ್ಟಾಗಿತ್ತು. ಅವನಿಗೆ ಯಾಕೆ ಕರೆಸಿದ್ದಾರೆಂದು ಗೊತ್ತಿರಲಿಲ್ಲ. ವರಾಂಡದ ಸೋಫಾದ ಮೇಲೆ ಸಾಲಾಗಿ ಕೂತಿದ್ದ ನಾಲ್ಕು ಜನ ಹಿರಿಯರನ್ನು ನೋಡಿ ಅವನು ಹೆದರಿ ಕೈ ಮುಗಿದ.

"ಕುಡೀತೀಯೇನಪ್ಪಾ?" ಎಂದು ಹನುಮಂತಯ್ಯ ಶುರುಮಾಡಿದ.

"ಇಲ್ರಿ ಯಜಮಾನ್ರ."

"ಬೀಡಿ, ಸಿಗರೇಟು?" ಕುಸುಮಾ ಕೇಳಿದರು.

"ಇಲ್ರಿ."

"ಎದ್ದು ಸ್ವಲ್ಪ ನಡೆದು ತೋರಿಸಿ," ಅಂದರು ನಾಗಭೂಷಣ್.

ಫಕೀರೇಶ ಎದ್ದ. ಎರಡು ಹೆಜ್ಜೆ ಇಟ್ಟ. ಮೂರನೆಯದಕ್ಕೆ ಹಿಮ್ಮಡಿ ನೆಲಕ್ಕೆ ತಾಗುತ್ತಿದ್ದ ಹಾಗೆ ತುಟಿ ಕಚ್ಚಿದ, ಮುಖ ಆಚೆ ತಿರುಗಿಸಿಕೊಂಡ, ನಗಲು ನೋಡಿದ. ಶಿವಗಂಗಮ್ಮ ಕೇಳಬೇಕೆಂದು ಬೆಳಿಗ್ಗೆಯಿಂದ ಜೋಡಿಸಿಟ್ಟುಕೊಂಡಿದ್ದ ಪ್ರಶ್ನೆಗಳು ಬಹಳ ಇದ್ದವು. ಒಂದನ್ನೂ ಕೇಳಲಿಲ್ಲ.

"ಕೂತ್ಕೋ ಮಗಾ, ನಡೀಬೇಡ," ಎಂದು ಎದ್ದಳು. "ರಮ್ಯಾ, ಆ ಗಾಜಿನ ಭರಣಿ ತಗೊಂಡು ಬಾರಮ್ಮ. ದಪ್ಪ ಇರೋದನ್ನೇ ಕೊಡಣ."

"ಊಟ ಮಾಡ್ಕೊಂಡು ಹೋಗ್ಲಿ," ಅಂದರು ಕುಸುಮಾ. "ಮೊದಲನೇ ಸಲ ಬಂದಿದಾರೆ."